ಕ್ಯಾಮೆಲಿಯಾ: ಒಂದು ಹೂವಿನ ಲೆಕ್ಕಪತ್ರ

ಸಿಡ್ನಿಯ ಕನ್ನಡಿಗರಿಗೆ ಪ್ಯಾರಾಮಟ್ಟ, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗಾಬಿ ಎಂಬ ಹೆಸರುಗಳು ಮಲ್ಲೇಶ್ವರ, ಜಯನಗರಗಳಷ್ಟೇ ಬಾಯಿಗೆ ರೂಢಿಯಾಗಿವೆ. ಈ ಪ್ಯಾರಾಮಟ್ಟಕ್ಕೆ ಅಂಟಿಕೊಂಡಂತೆ, ನದಿಯ ದಕ್ಷಿಣ ದಂಡೆಯ ಮೇಲೆ, ಕ್ಯಾಮೆಲಿಯಾ ಎಂಬ ಇನ್ನೊಂದು ಜಾಗವಿದೆ. ಇಷ್ಟು ಚೆಂದದ ಹೆಸರಿನ ಊರು ಹೇಗಿರಬಹುದೆಂದು ನೋಡಲು ಹೋದರೆ ಸಿಗುವುದು ಗೋದಾಮುಗಳು, ಲಾರಿಗಳು, ತಗಡಿನ ಶೆಡ್ಡುಗಳು. ಕಲ್ನಾರಿನ ಶೀಟು ತಯಾರಿಸುವ ದೊಡ್ಡ ಕಾರ್ಖಾನೆಯೊಂದು ಬಹಳ ಕಾಲ ಅಲ್ಲಿತ್ತು. ಅದರ ಉಳಿಕೆ ಇಂದಿಗೂ ನೆಲದಡಿಯಲ್ಲಿದೆ. 2020ರ ಜನವರಿಯಲ್ಲಿ ಕಾರ್ಲಿಂಗ್‌ಫೋರ್ಡ್ ರೈಲುಮಾರ್ಗ ಮುಚ್ಚುವವರೆಗೆ ಕ್ಯಾಮೆಲಿಯಾ ಎಂಬ ರೈಲು ಸ್ಟೇಷನ್ನೂ ಇತ್ತು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಜೂನ್ 30ರ ಸ್ಟಾಕ್ ಎಣಿಕೆಗೆಂದು ಅಲ್ಲಿನ ಒಂದು ಗೋದಾಮಿಗೆ ಹೋಗಿದ್ದೆ. ಇಲ್ಲಿ ಹಣಕಾಸು ವರ್ಷ ಮುಗಿಯುವುದು ಆ ದಿನ, ನಡುಚಳಿಗಾಲದಲ್ಲಿ. ಕ್ಯಾಮೆಲಿಯಾ ಹೂ ಬಿಡುವ ಕಾಲವೂ ಅದೇ. ಆದರೆ ಕ್ಯಾಮೆಲಿಯಾದಲ್ಲಿ ಒಂದೇ ಒಂದು ಕ್ಯಾಮೆಲಿಯಾ ನನ್ನ ಕಣ್ಣಿಗೆ ಬೀಳಲಿಲ್ಲ.

ಹೆಸರು ಮಾತ್ರ ಉಳಿದು ವಸ್ತು ಕಾಣೆಯಾದರೆ ಲೆಕ್ಕ ಬರೆಯುವವರಿಗೆ ಸಮಾಧಾನವಿರುವುದಿಲ್ಲ. ಪುಸ್ತಕದಲ್ಲಿದೆ, ಗೋದಾಮಿನಲ್ಲಿಲ್ಲ ಎಂದಾದರೆ ಅದು ಎಲ್ಲಿ ಹೋಯಿತೆಂದು ಹುಡುಕಲೇಬೇಕು. ಆ ಹುಡುಕಾಟ ನನ್ನನ್ನು ಎಷ್ಟು ದೂರ ಕರೆದೊಯ್ದಿತೆಂದರೆ, ಈಗ ನಮ್ಮ ಮನೆಯಲ್ಲಿ ಹನ್ನೊಂದು ಕ್ಯಾಮೆಲಿಯಾ ಗಿಡಗಳಿವೆ.

ಹೂವನ್ನು ನೋಡದವರಿಗಾಗಿ ಎರಡು ಮಾತು. ದಪ್ಪನೆಯ, ಎಣ್ಣೆ ಸವರಿದಂತೆ ಹೊಳೆಯುವ ಕಡುಹಸಿರು ಎಲೆ. ವರ್ಷವಿಡೀ ಎಲೆ ಉದುರದ ಪೊದೆ, ವಯಸ್ಸಾದರೆ ಮರವೇ. ಹೂವಿಗೆ ಬಿಳಿ, ಗುಲಾಬಿ, ಕೆಂಪು ಬಣ್ಣ. ಕೆಲವದಕ್ಕೆ ಐದಾರೇ ದಳ, ಕೆಲವದಕ್ಕೆ ನಮ್ಮ ಡೇರೆ ಹೂವಿನಂತೆ ಸುತ್ತು ಸುತ್ತಾಗಿ ಜೋಡಿಸಿದ ನೂರು ದಳ. ಜಪೋನಿಕಾ ಜಾತಿಯ ಹೂವು ಮರದಲ್ಲೇ ಬಾಡಿ ಒಣಗುವ ಬದಲು ಸಾಮಾನ್ಯವಾಗಿ ಇಡಿಯಾಗಿ ಕಳಚಿ ಬೀಳುತ್ತದೆ. ಸಸಾಂಕ್ವಾ ಜಾತಿಯದು ಪಾರಿಜಾತದಂತೆ ನೆಲದ ಮೇಲೆ ಹಾಸಿಗೆ ಹಾಸುತ್ತದೆ, ಆದರೆ ದಳ ದಳವಾಗಿ. ಚೀನಾ, ಜಪಾನ್ ಮತ್ತು ಅವುಗಳ ಸುತ್ತಮುತ್ತಲಿನ ನಾಡುಗಳು ಇವುಗಳ ತವರು.

ಹೆಸರಿನಿಂದಲೇ ಶುರುಮಾಡೋಣ. ಗೇಯಾರ್ಗ್ ಯೋಸೆಫ್ ಕಾಮೆಲ್ ಎಂಬ ಜೆಸುಯಿಟ್ ಪಾದ್ರಿ 1661ರಲ್ಲಿ ಮೊರಾವಿಯಾದ ಬ್ರ್ನೋ ಪಟ್ಟಣದಲ್ಲಿ ಹುಟ್ಟಿದವನು. ಔಷಧ ತಯಾರಿಕೆ ಕಲಿತು ಫಿಲಿಪ್ಪೀನ್ಸಿಗೆ ಹೋದ. ಮನಿಲಾದಲ್ಲಿ ಬಡವರಿಗೆ ಮದ್ದು ಕೊಡುತ್ತ, ಅಲ್ಲಿನ ಗಿಡಮೂಲಿಕೆಗಳ ಚಿತ್ರ ಬರೆದು ವಿವರ ದಾಖಲಿಸಿದ. ಆ ಕಾಗದಗಳು ಇಂಗ್ಲೆಂಡಿನ ಜಾನ್ ರೇ ಮತ್ತು ಜೇಮ್ಸ್ ಪೆಟಿವರ್ ಎಂಬ ವಿದ್ವಾಂಸರಿಗೆ ತಲುಪಿದ್ದು ಮದರಾಸಿನ ಮೂಲಕ. ಅಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಸ್ಯಾಮ್ಯುಯೆಲ್ ಬ್ರೌನನ ಜೊತೆ ಕಾಮೆಲನಿಗೆ ಪತ್ರವ್ಯವಹಾರವಿತ್ತು. 1704ರಲ್ಲಿ ರೇ ತನ್ನ ಸಸ್ಯಗ್ರಂಥದ ಮೂರನೆಯ ಸಂಪುಟಕ್ಕೆ ಕಾಮೆಲನ ಬರಹವನ್ನು ಅನುಬಂಧವಾಗಿ ಸೇರಿಸಿದ. ಎರಡು ವರ್ಷಗಳ ಬಳಿಕ ಕಾಮೆಲ್ ಮನಿಲಾದಲ್ಲೇ ತೀರಿಕೊಂಡ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ಎರಡು ಪದಗಳ ಹೆಸರಿಡಲು ಕುಳಿತಾಗ ಜಪಾನಿನ ಈ ಹೂವಿಗೆ ಕಾಮೆಲನ ಹೆಸರನ್ನು ಕೊಟ್ಟ. ಕಾಮೆಲ್ ಕೆಲಸ ಮಾಡಿದ್ದು ಫಿಲಿಪ್ಪೀನ್ಸಿನ ಗಿಡಗಳ ಮೇಲೆ. ಈ ಹೂವಿಗೂ ಅವನಿಗೂ ನೇರ ನಂಟಿರಲಿಲ್ಲ. ಇದನ್ನು ಯುರೋಪಿನವರಿಗೆ ಮೊದಲು ಸರಿಯಾಗಿ ಪರಿಚಯಿಸಿದವನು ನಾಗಸಾಕಿಯಲ್ಲಿ ಡಚ್ಚರ ವೈದ್ಯನಾಗಿದ್ದ ಎಂಗೆಲ್ಬರ್ಟ್ ಕೆಂಫರ್, 1712ರ ತನ್ನ ಪುಸ್ತಕದಲ್ಲಿ. ಜಪಾನೀಯರ ಬಾಯಲ್ಲಿ ಅದು ಅಂದೂ ಇಂದೂ ‘ತ್ಸುಬಾಕಿ’. ತವರಿನವರು ಇಟ್ಟ ಹೆಸರು ಒಂದು, ದಾಖಲೆಯಲ್ಲಿ ಏರಿದ್ದು ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ‘ಸರ್‌ನೇಮ್’ ಆಗಿಬಿಟ್ಟ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿನೇಯಸ್ ಚಹಾ ಗಿಡವನ್ನು ಬೇರೆ ಕುಲಕ್ಕೆ ಸೇರಿಸಿ ‘ಥಿಯಾ’ ಎಂದು ಕರೆದಿದ್ದ. ಮುಂದೆ ಎರಡೂ ಒಂದೇ ಕುಲವೆಂದು ತೀರ್ಮಾನವಾಗಿ ಚಹಾ ಕೂಡ ಕ್ಯಾಮೆಲಿಯಾ ಆಯಿತು. ಕೊಟ್ಟಿಗೆಹಾರದ ಬಳಿ ಕೆಳಗೂರಿನ ಚಹಾ ತೋಟದ ಇಳಿಜಾರುಗಳನ್ನು ನೋಡಿದವರೆಲ್ಲ ಕ್ಯಾಮೆಲಿಯಾ ನೋಡಿದವರೇ. ಸೊಂಟದೆತ್ತರಕ್ಕೆ ಸವರುತ್ತಲೇ ಇರುವುದರಿಂದ ಅಲ್ಲಿ ಹೂವು ಕಾಣುವುದು ಅಪರೂಪ; ಬಿಟ್ಟರೆ ಹಳದಿ ಕೇಸರದ ಪುಟ್ಟ ಬಿಳಿ ಹೂವು. ನನ್ನ ವೃತ್ತಿಯವರಿಗೆ ಈ ಅಕ್ಕತಂಗಿಯರಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದಲ್ಲಿ ಚಹಾ ಪೊದೆ ಒಂದು ಆಸ್ತಿ. 2016ರಿಂದ ಅದನ್ನು ಯಂತ್ರ, ಕಟ್ಟಡಗಳ ಸಾಲಿಗೆ ಸೇರಿಸಿ ವರ್ಷವರ್ಷವೂ ಸವಕಳಿ ಕಳೆಯುತ್ತಾರೆ. ಮನೆಯಂಗಳದ ಹೂವಿನ ಕ್ಯಾಮೆಲಿಯಾಕ್ಕೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಈ ಸೊನ್ನೆಯ ಮಾತು ಮುಂದೆ ಬರುತ್ತದೆ.

ಇಂಗ್ಲೆಂಡಿನಲ್ಲಿ ಕ್ಯಾಮೆಲಿಯಾ ಮೊದಲು ಅರಳಿದ್ದು ಎಸೆಕ್ಸ್ ಪ್ರಾಂತದ ಥಾರ್ನ್‌ಡನ್ ಹಾಲ್ ಎಂಬಲ್ಲಿ, ಲಾರ್ಡ್ ಪೀಟರ್ ಎಂಬ ಶ್ರೀಮಂತನ ಗಾಜಿನ ಮನೆಯಲ್ಲಿ, 1739ರ ಹೊತ್ತಿಗೆ. ಅವು ಒಂಟಿ ಸುತ್ತಿನ ಸಾಧಾರಣ ಕೆಂಪು ಹೂಗಳು. ಜನ ಹುಚ್ಚಾದದ್ದು ಇನ್ನೂ ಅರ್ಧ ಶತಮಾನದ ಮೇಲೆ, ಚೀನಾದ ತೋಟಗಾರರು ತಲೆಮಾರುಗಳಿಂದ ಬೆಳೆಸಿ ಆಯ್ದುಕೊಂಡಿದ್ದ ಸುತ್ತುದಳದ ತಳಿಗಳು ಬಂದಾಗ. 1792ರಲ್ಲಿ ಕಂಪನಿಯ ಹಡಗೊಂದರ ಕ್ಯಾಪ್ಟನ್ ಕಾನರ್ ಇಂಥ ಎರಡು ತಳಿಗಳನ್ನು ಚೀನಾದಿಂದ ತಂದ. ಒಂದು ಶುದ್ಧ ಬಿಳಿಯ ‘ಆಲ್ಬಾ ಪ್ಲೀನಾ’. ಇನ್ನೊಂದು ಕೆಂಪಿನ ಮೇಲೆ ಬಿಳಿ ಮಚ್ಚೆಯ ‘ವೇರಿಗೇಟಾ’. ಆಲ್ಬಾ ಪ್ಲೀನಾ ಇಂದಿಗೂ ನರ್ಸರಿಗಳಲ್ಲಿ ಸಿಗುತ್ತದೆ.

ಆ ಹಡಗಿನ ಹೆಸರು ಓದಿದ ಕ್ಷಣ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ: ‘ಕರ್ನಾಟಿಕ್’. ಹೌದು, ನಮ್ಮ ಹೆಸರೇ. ಆದರೆ ಆಗ ಕಂಪನಿಯವರ ಬಾಯಲ್ಲಿ ಆ ಪದ ಆರ್ಕಾಟಿನ ನವಾಬನ ಸೀಮೆಗೆ, ಅಂದರೆ ಬಹುಪಾಲು ತಮಿಳು ನಾಡಿಗೆ ಅಂಟಿಕೊಂಡಿತ್ತು. ಇಲ್ಲೂ ಹೆಸರು ಒಂದು ಕಡೆ, ನೆಲ ಒಂದು ಕಡೆ. ನಿಜವಾದ ನಮ್ಮ ನೆಲದಲ್ಲಿ ಅದೇ 1792ರಲ್ಲಿ ಏನಾಗುತ್ತಿತ್ತೆಂದು ಶಾಲೆಯಲ್ಲಿ ಓದಿದ್ದೇವೆ. ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಹೂವಿಗೂ ದಂಡಕ್ಕೂ ನೇರ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಆದರೆ ಎರಡೂ ಒಂದೇ ಕಂಪನಿಯ ಪುಸ್ತಕದ ಬಾಬತ್ತುಗಳು. ಒಂದು ಕೈಯಲ್ಲಿ ಕಂದಾಯ ಮತ್ತು ಕಪ್ಪ, ಇನ್ನೊಂದು ಕೈಯಲ್ಲಿ ಚೀನಾದ ಚಹಾ. ಚಹಾಕ್ಕೆ ಬೆಳ್ಳಿ ತೆರಬೇಕಿತ್ತು. ಆ ಬೆಳ್ಳಿಯ ಹೊರೆ ತಗ್ಗಿಸಲು ಭಾರತದಲ್ಲಿ ಬೆಳೆದ ಅಫೀಮು ಚೀನಾ ಸೇರುತ್ತಿತ್ತು. ಈ ದೊಡ್ಡ ವ್ಯಾಪಾರದ ಸರಕಿನ ನಡುವೆ, ಡೆಕ್ಕಿನ ಮೇಲೆ, ಉಪ್ಪುಗಾಳಿಗೆ ಸಿಕ್ಕದಂತೆ ಕಾಪಾಡಿಕೊಂಡ ಎರಡು ಕುಂಡಗಳು ಇಂಗ್ಲೆಂಡಿಗೆ ಬಂದಿಳಿದವು. ಕಂಪನಿಯ ಮುಖ್ಯ ಲೆಕ್ಕದಲ್ಲಿ ಅವು ಲೆಕ್ಕಕ್ಕೇ ಇರಲಿಲ್ಲ. ಇಂದು ಆ ಕಂಪನಿ ಇಲ್ಲ. ಆ ಗಿಡಗಳ ಕಡ್ಡಿಯಿಂದ ಕಡ್ಡಿಗೆ ಬಂದ ಸಂತಾನ ಲೋಕದ ತುಂಬ ಹೂ ಬಿಡುತ್ತಿದೆ.

ಆಮೇಲೆ ಕೆಲವು ದಶಕ ಯುರೋಪಿಗೆ ಕ್ಯಾಮೆಲಿಯಾ ಜ್ವರ. ಗೆಂಟ್, ಪ್ಯಾರಿಸ್, ಮಿಲಾನ್, ಲಂಡನ್‌ಗಳ ನರ್ಸರಿಗಳು ನೂರಾರು ತಳಿ ಮಾರಿದವು. ಗೆಂಟ್ ನಗರದ ವರ್ಷಾಫೆಲ್ಟ್ ನರ್ಸರಿ 1848ರಿಂದ 1860ರವರೆಗೆ ಕ್ಯಾಮೆಲಿಯಾಗಳ ಬಣ್ಣದ ಚಿತ್ರಸಂಪುಟಗಳನ್ನೇ ಹೊರತಂದಿತು. 1848ರಲ್ಲೇ ಕಿರಿಯ ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯ ನಾಯಕಿ ಕ್ಯಾಮೆಲಿಯಾ ಮುಡಿದು ಬಂದಳು. ಐದು ವರ್ಷದ ನಂತರ ವರ್ಡಿ ಅದೇ ಕಥೆಯನ್ನು ‘ಲಾ ತ್ರಾವಿಯಾತಾ’ ಎಂಬ ಒಪೆರಾ ಮಾಡಿದ.

ಆಸ್ಟ್ರೇಲಿಯಾದ ಅಧ್ಯಾಯ ತೆರೆಯುವುದು 1831ರಲ್ಲಿ. ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಲಾಡಿಜಿಸ್ ನರ್ಸರಿಯಿಂದ ‘ಸಾವರಿನ್’ ಎಂಬ ಹಡಗಿನಲ್ಲಿ ಆರು ಕ್ಯಾಮೆಲಿಯಾಗಳು ಸಿಡ್ನಿ ತಲುಪಿದವು. ತರಿಸಿದವನು ವಿಲಿಯಂ ಮೆಕಾರ್ಥರ್. ಆಸ್ಟ್ರೇಲಿಯಾದ ಮೆರಿನೋ ಉಣ್ಣೆ ವ್ಯಾಪಾರಕ್ಕೆ ಬುನಾದಿ ಹಾಕಿದ ಜಾನ್ ಮತ್ತು ಎಲಿಜಬೆತ್ ಮೆಕಾರ್ಥರರ ಮಗ. ಸಿಡ್ನಿಯ ನೈರುತ್ಯಕ್ಕಿರುವ ಕ್ಯಾಮ್ಡೆನ್ ಪಾರ್ಕ್ ಅವರ ಎಸ್ಟೇಟು. ಅದು ಧರಾವಲ್ ಜನರ ನೆಲ. 1805ರಲ್ಲಿ ಮೆಕಾರ್ಥರನಿಗೆ ಅಲ್ಲಿ 5,000 ಎಕರೆ ಮಂಜೂರಾಯಿತು. 1816ರ ಏಪ್ರಿಲಿನಲ್ಲಿ ಅಲ್ಲಿಗೆ ಹತ್ತಿರದ ಆಪಿನ್‌ನಲ್ಲಿ ಸೈನಿಕರು ಮೂಲನಿವಾಸಿಗಳನ್ನು ಕೊಂದರು. ಎಸ್ಟೇಟಿನ ದುಡಿಮೆಯಲ್ಲಿ ದೊಡ್ಡ ಪಾಲು ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಗಳದ್ದು. ಹೂವಿನ ಚರಿತ್ರೆ ಬರೆಯುವಾಗ ಈ ಖರ್ಚನ್ನು ಬಿಟ್ಟು ಬರೆದರೆ ಅಡಾವೆ ಪತ್ರಿಕೆ ಹೊಂದುವುದಿಲ್ಲ.

ಆರರಲ್ಲಿ ಒಂದು ಗಿಡ ಇಂದಿಗೂ ಕ್ಯಾಮ್ಡೆನ್ ಪಾರ್ಕಿನಲ್ಲಿ ಬದುಕಿದೆ. ‘ಅನಿಮೊನಿಫ್ಲೋರಾ’ ಎಂಬ ಕಡುಗೆಂಪು ತಳಿ. ಈ ರಾಜ್ಯದ ಹೂವಾದ ವಾರಟಾವನ್ನು ಹೋಲುವುದರಿಂದ ‘ವಾರಟಾ ಕ್ಯಾಮೆಲಿಯಾ’ ಎಂದೂ ಕರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಬದುಕಿರುವ ಅತ್ಯಂತ ಹಳೆಯ ಕ್ಯಾಮೆಲಿಯಾ ಅದೇ ಎಂದು ತಿಳಿದವರು ಹೇಳುತ್ತಾರೆ. ಉಳಿದ ಗಿಡಗಳಿಂದ, ಆಮೇಲೆ ತರಿಸಿದವುಗಳಿಂದ ಮೆಕಾರ್ಥರ್ ಬೀಜ ಹಾಕಿ ಸಸಿ ಎಬ್ಬಿಸಿದ. ಬೀಜದಿಂದ ಎದ್ದ ಕ್ಯಾಮೆಲಿಯಾ ತಾಯಿಯಂತೆಯೇ ಇರುವುದಿಲ್ಲ. ಪ್ರತಿ ಸಸಿಯೂ ಹೊಸದು. ಮೊದಲ ಹೂವಿಗೆ ಹಲವು ವರ್ಷ ಕಾಯಬೇಕು. ಕಾದ ಮೇಲೆ ಬಹುಪಾಲು ಸಸಿಗಳು ತಿಪ್ಪೆಗೆ. ನೂರಕ್ಕೆ ಒಂದೆರಡು ಮಾತ್ರ ಹೆಸರಿಡಲು ಯೋಗ್ಯ. ಹೀಗೆ ಆಯ್ದು ಉಳಿಸಿದ ಒಂದು ತಳಿ ‘ಆಸ್ಪೇಶಿಯಾ’. ಕ್ಯಾಮ್ಡೆನ್ ಪಾರ್ಕಿನ 1850ರ ಪಟ್ಟಿಯಲ್ಲಿ ಅದರ ಹೆಸರಿದೆ. ಕೆನೆಬಣ್ಣದ ದಳ, ಅಲ್ಲಲ್ಲಿ ಕುಂಕುಮ ಸಿಡಿದಂಥ ಗೆರೆ. ಯುರೋಪಿನಲ್ಲಿ ಇದೇ ಹೆಸರಿನ ಬೇರೆ ತಳಿ ಇದ್ದುದರಿಂದ ಈಗ ‘ಆಸ್ಪೇಶಿಯಾ ಮೆಕಾರ್ಥರ್’ ಎನ್ನುತ್ತಾರೆ.

ಇನ್ನು ನಮ್ಮ ಗೋದಾಮಿನ ಊರು. ಮೆಕಾರ್ಥರರ ಕ್ಯಾಮ್ಡೆನ್ ತೋಟದಲ್ಲಿ ಕೆಲಸ ಕಲಿತ ಸೈಲಸ್ ಶೀದರ್ ಎಂಬ ತೋಟಗಾರ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪ್ಯಾರಾಮಟ್ಟದ ಬಳಿ ತನ್ನದೇ ನರ್ಸರಿ ಹಾಕಿದ. ಹೆಸರು ‘ಕ್ಯಾಮೆಲಿಯಾ ಗ್ರೋವ್’. ತನ್ನದೇ ತಳಿಗಳನ್ನೂ ಬೆಳೆಸಿದ. ಅವನ ‘ಹ್ಯಾರಿಯೆಟ್ ಬೀಚರ್ ಶೀದರ್’ ಇನ್ನೂ ಬಳಕೆಯಲ್ಲಿದೆ. ನರ್ಸರಿ ಹೋಯಿತು, ಹೆಸರು ಊರಿಗೆ ಉಳಿಯಿತು. ನಾನು ಪೆಟ್ಟಿಗೆ ಎಣಿಸುತ್ತಿದ್ದ ಕಡೆ ಒಂದು ಕಾಲದಲ್ಲಿ ಸಸಿಗಳ ಸಾಲುಗಳಿದ್ದವು.

ಶತಮಾನ ಮುಗಿಯುವ ಹೊತ್ತಿಗೆ ಜ್ವರ ಇಳಿಯಿತು. ಆರ್ಕಿಡ್, ಗುಲಾಬಿಗಳ ಕಾಲ ಬಂತು. ನರ್ಸರಿಗಳು ಮುಚ್ಚಿದವು, ಪಟ್ಟಿಗಳು ಹರಿದವು, ಗಿಡಕ್ಕೆ ಕಟ್ಟಿದ್ದ ಚೀಟಿಗಳು ಬಿದ್ದುಹೋದವು. ಮರಗಳು ಮಾತ್ರ ಹಳೆಯ ಮನೆಗಳ ಹಿತ್ತಲಲ್ಲಿ ಅನಾಮಧೇಯವಾಗಿ ನಿಂತವು. ಅವಕ್ಕೆ ಮತ್ತೆ ಹೆಸರು ಕೊಡಿಸಿದವರು ಎಬೆನ್ ಗೌರಿ ವಾಟರ್‌ಹೌಸ್ (1881–1977). ಅವರು ಸಸ್ಯವಿಜ್ಞಾನಿಯಲ್ಲ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಭಾಷೆಯ ಪ್ರಾಧ್ಯಾಪಕರು. 1914ರಲ್ಲಿ ವಿಲಿಯಂ ಹಾರ್ಡಿ ವಿಲ್ಸನ್ ಎಂಬ ವಾಸ್ತುಶಿಲ್ಪಿಯಿಂದ ಗಾರ್ಡನ್ ಬಡಾವಣೆಯಲ್ಲಿ ‘ಎರಿಲ್ಡೀನ್’ ಎಂಬ ಮನೆ ಕಟ್ಟಿಸಿ, ಸುತ್ತ ಕ್ಯಾಮೆಲಿಯಾ ನೆಟ್ಟರು. ತೋಟದ ನಡುವೆ ಚೀನೀ ಶೈಲಿಯ ಒಂದು ಚಹಾ ಮಂಟಪ. ಕ್ಯಾಮೆಲಿಯಾ ನೋಡುತ್ತ ಕ್ಯಾಮೆಲಿಯಾ ಕುಡಿಯಲು!

ಮನೆಯ ತೋಟದ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. ಭಾಷಾಶಾಸ್ತ್ರ ಓದಿದವರು ಪಾಠಾಂತರಗಳನ್ನು ಹೋಲಿಸಿ ಮೂಲಪಾಠ ನಿರ್ಣಯಿಸುವಂತೆ ಅವರು ಹಳೆಯ ಕ್ಯಾಟಲಾಗುಗಳನ್ನೂ ಹಳೆಯ ತೋಟಗಳ ಮರಗಳನ್ನೂ ಎದುರುಬದುರು ಇಟ್ಟರು. ಒಂದೇ ಮರಕ್ಕೆ ಮೂರು ಹೆಸರು, ಒಂದೇ ಹೆಸರಿಗೆ ಮೂರು ಮರ ಎಂಬ ಗೋಜಲನ್ನು ಒಂದೊಂದಾಗಿ ಬಿಡಿಸಿದರು. ಆ ಹುಡುಕಾಟದ ಫಲ 1947ರ ‘ಕ್ಯಾಮೆಲಿಯಾ ಕ್ವೆಸ್ಟ್’, 1952ರ ‘ಕ್ಯಾಮೆಲಿಯಾ ಟ್ರೈಲ್’ ಎಂಬ ಪುಸ್ತಕಗಳು. 1939ರಲ್ಲಿ ಸೇಂಟ್ ಐವ್ಸ್‌ನಲ್ಲಿ ಅವರು ಆರಂಭಿಸಿದ ನರ್ಸರಿಯ ಹೆಸರೂ ‘ಕ್ಯಾಮೆಲಿಯಾ ಗ್ರೋವ್’. 1962ರಲ್ಲಿ ಅಂತರರಾಷ್ಟ್ರೀಯ ಕ್ಯಾಮೆಲಿಯಾ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷರಾದರು. ಅವರ ತೋಟದಲ್ಲಿ ತಾನಾಗಿ ಬಿದ್ದ ಬೀಜದಿಂದ ಎದ್ದ ಒಂದು ಸಸಿ ಈಗ ‘ಇ. ಜಿ. ವಾಟರ್‌ಹೌಸ್’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧ; ತಿಳಿಗುಲಾಬಿ ಬಣ್ಣ, ಅಳತೆಯಿಟ್ಟು ಜೋಡಿಸಿದಂಥ ದಳಗಳು.

ಈ ಚರಿತ್ರೆ ನನಗೆ ಓದಿನ ವಿಷಯವಾಗಷ್ಟೇ ಉಳಿಯಲಿಲ್ಲ. ನಾವು ಮನೆ ಕೊಂಡಾಗ ಹಿಂದಿನ ಬೇಲಿಯ ಮೂಲೆಯಲ್ಲಿ, ನನ್ನ ಎರಡಾಳೆತ್ತರದ ಒಂದು ಹಳೆಯ ಕ್ಯಾಮೆಲಿಯಾ ಇತ್ತು. ಸಾಗರದಿಂದ ಅಮ್ಮ ಬಂದಿದ್ದು ಜುಲೈನಲ್ಲಿ. ಬೆಳಿಗ್ಗೆ ದೇವರಿಗೆ ಹೂವು ಕೊಯ್ಯಲು ಹೋದವರು ಒಂದನ್ನು ಮೂಗಿಗೆ ಹಿಡಿದು, “ಎಂಥ ಚೆಂದ ಇದ್ದು, ಪರಿಮಳ ಒಂದೇ ಇಲ್ಲೆ ನೋಡು” ಎಂದರು. ಆಮೇಲೆ ಕೇಳಿದರು, “ಇದರ ಹೆಸರೆಂಥದೇ?” ಕ್ಯಾಮೆಲಿಯಾ ಎಂದೆ. “ಅದಲ್ದೇ, ಇದರ ಹೆಸರು” ಎಂದರು. ನಮ್ಮ ಮಲೆನಾಡಿನ ಹೆಂಗಸರ ರೂಢಿ ಗೊತ್ತಿದ್ದವರಿಗೆ ಪ್ರಶ್ನೆ ಅರ್ಥವಾಗುತ್ತದೆ. ಅಲ್ಲಿ ಬರೀ ಡೇರೆ ಎಂಬುದಿಲ್ಲ. ದೊಡ್ಡತ್ತೆ ಮನೆ ಡೇರೆ, ಮೇಷ್ಟ್ರ ಮನೆ ದಾಸವಾಳ. ಗೆಡ್ಡೆಯೋ ಕುಡಿಯೋ ಎಲ್ಲಿಂದ ಬಂತೋ ಆ ಮನೆಯ ಹೆಸರು. ಮೆಕ್ಸಿಕೋ ಮೂಲದ ಡೇರೆ ಹೀಗೆ ಮನೆಯಿಂದ ಮನೆಗೆ ನಡೆದೇ ನಮ್ಮದಾದದ್ದು.

ಅದೇ ಹೊತ್ತಿಗೆ ಹಿತ್ತಲಿನಲ್ಲಿ ಬಾಡಿಗೆಗೊಂದು ಗ್ರಾನಿ ಫ್ಲಾಟ್ ಕಟ್ಟಿಸುವ ಆಲೋಚನೆ ನಡೆದಿತ್ತು. ಈ ರಾಜ್ಯದಲ್ಲಿ ಅದಕ್ಕೆ 60 ಚದರ ಮೀಟರ್ ಮಿತಿ. ಪೂರ್ತಿ 60 ಬೇಕೆಂದರೆ ಮೂಲೆಯ ಮರ ಹೋಗಬೇಕು. ವಾರಕ್ಕೆ ಇಷ್ಟು ಬಾಡಿಗೆ, ಬಡ್ಡಿ ಕಳೆದು ಇಷ್ಟು ಉಳಿಕೆ ಎಂದು ಹಾಳೆ ತಯಾರಿಸಿದ್ದು ನಾನೇ. ಮರದ ಎದುರಿನ ಕಾಲಮ್ಮಿನಲ್ಲಿ ಸೊನ್ನೆ.

ಅಮ್ಮನ ಪ್ರಶ್ನೆಯನ್ನು ಹಿಡಿದು ನಾಲ್ಕು ಹೂವು, ಒಂದು ರೆಂಬೆಯೊಂದಿಗೆ ಚಳಿಗಾಲದ ಕ್ಯಾಮೆಲಿಯಾ ಪ್ರದರ್ಶನವೊಂದಕ್ಕೆ ಹೋದೆ. ಮೇಜಿನ ಹಿಂದಿದ್ದ ಹಿರಿಯರೊಬ್ಬರು ಹೂವನ್ನು ತಿರುಗಿಸಿ, ಎಲೆಯ ಅಂಚು ಬೆರಳಿನಲ್ಲಿ ಸವರಿ, “ಲೇಡಿ ಲಾಕ್ ಇರಬೇಕು, ಹಳೆಯ ಕೊಂಬೆಗಳನ್ನು ಗಮನಿಸುತ್ತಿರಿ, ಅದೇ ತನ್ನ ಊರು ಹೇಳುತ್ತದೆ” ಎಂದರು. ತಿಳಿಗುಲಾಬಿ ದಳ, ಬಿಳಿ ಅಂಚು: ವಿಕ್ಟೋರಿಯಾ ರಾಜ್ಯದ ಗವರ್ನರರ ಪತ್ನಿಯ ಹೆಸರಿನ ತಳಿ. ಅದು ಬೀಜದಿಂದ ಬಂದದ್ದಲ್ಲ. ಆಸ್ಪೇಶಿಯಾ ಮರದ ಒಂದು ರೆಂಬೆ ಇದ್ದಕ್ಕಿದ್ದಂತೆ ಬೇರೆ ಬಣ್ಣದ ಹೂ ಬಿಟ್ಟಿತು. ಆ ರೆಂಬೆಯನ್ನೇ ಕಸಿ ಕಟ್ಟಿ, ಕಡ್ಡಿ ನೆಟ್ಟು ಹೊಸ ತಳಿಯಾಗಿಸಿದರು. ತೋಟಗಾರರು ಇದನ್ನು ‘ಸ್ಪೋರ್ಟ್’ ಎನ್ನುತ್ತಾರೆ. ಆಸ್ಪೇಶಿಯಾ ಇಂಥ ತುಂಟತನಕ್ಕೆ ಹೆಸರಾದದ್ದು. ನ್ಯೂಜಿಲೆಂಡಿನ ‘ಒಟಹೂಹು ಬ್ಯೂಟಿ’, 1961ರಲ್ಲಿ ಸಿಡ್ನಿಯಲ್ಲಿ ಕಾಣಿಸಿಕೊಂಡ, ಬಿಳಿ ದಳಕ್ಕೆ ಕೆಂಪು ಅಂಚಿನ ‘ಮಾರ್ಗರೆಟ್ ಡೇವಿಸ್’ ಎಲ್ಲ ಅದರದೇ ರೆಂಬೆಗಳು. ಒಮ್ಮೊಮ್ಮೆ ಇಂಥ ತಳಿಯ ಒಂದು ರೆಂಬೆ ಹಿಂದಿನ ರೂಪಕ್ಕೇ ಮರಳುವುದೂ ಉಂಟು.

ಮುಂದಿನ ಆಗಸ್ಟ್‌ನಲ್ಲಿ ನಮ್ಮ ಮರದ ಬೇಲಿ ಕಡೆಯ ಒಂದೇ ಒಂದು ರೆಂಬೆಯಲ್ಲಿ ಕೆನೆಬಣ್ಣದ, ಕುಂಕುಮ ಸಿಡಿದ ಹೂವು ಅರಳಿತು. ಕಡ್ಡಿಯಿಂದ ಕಡ್ಡಿಗೆ ಬಂದ ಗಿಡ ಮಗಳಲ್ಲ, ಮೊಮ್ಮಗಳಲ್ಲ. ಅದೇ ಗಿಡದ ಮುಂದುವರಿದ ದೇಹ. ಅಂದರೆ ಮೆಕಾರ್ಥರನ ತೋಟದಲ್ಲಿ ಎದ್ದ ಒಂದು ಸಸಿಯೇ, ಯಾರು ಯಾರದೋ ಕೈ ದಾಟಿ, ನಮ್ಮ ಬೇಲಿಯ ಮೂಲೆಯಲ್ಲಿ ನಿಂತಿತ್ತು. ವಾಟ್ಸಾಪಿನಲ್ಲಿ ಚಿತ್ರ ನೋಡಿದ ಅಮ್ಮ, “ಹಾಂಗಾರೆ ಕ್ಯಾಮ್ಡೆನ್ ಮನೆ ಹೂವು ಅನ್ನು” ಎಂದರು. ಗ್ರಾನಿ ಫ್ಲಾಟಿನ ನಕ್ಷೆ ಬದಲಾಯಿತು. ಎರಡು ಮಲಗುವ ಕೋಣೆಯ ಬದಲು ಒಂದು, ಬಾಡಿಗೆ ಕಡಿಮೆ. ನನ್ನ ಹಾಳೆಯಲ್ಲಿ ಆ ವ್ಯತ್ಯಾಸದ ಮೊತ್ತ ಈಗಲೂ ಇದೆ. ಸೊನ್ನೆ ಎಂದು ಬರೆದಿದ್ದ ಮರಕ್ಕೆ ವರ್ಷಕ್ಕೆ ಅಷ್ಟು ಕೊಡಲು ನಾವು ತಯಾರಿದ್ದೇವೆ ಎಂದಷ್ಟೇ ಅದರ ಅರ್ಥ. ಬೆಲೆ ಕಟ್ಟಲು ಅದಕ್ಕಿಂತ ಪ್ರಾಮಾಣಿಕವಾದ ದಾರಿ ನನ್ನ ವೃತ್ತಿಯಲ್ಲೂ ಇಲ್ಲ.

ಬೆಳೆಸುವವರಿಗೆ ಎರಡು ಮಾತು. ಕ್ಯಾಮೆಲಿಯಾಕ್ಕೆ ಹುಳಿ ಮಣ್ಣು ಬೇಕು. ಸುಣ್ಣದಂಶ ಹೆಚ್ಚಿದ್ದರೆ ಎಲೆ ಹಳದಿಯಾಗುತ್ತದೆ. ನೀರು ನಿಲ್ಲಬಾರದು, ಬೇರು ಒಣಗಲೂಬಾರದು. ಜಪೋನಿಕಾಕ್ಕೆ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಸಸಾಂಕ್ವಾ ಬಿಸಿಲು ತಡೆಯುತ್ತದೆ. ಬೇರು ಮೇಲ್ಪದರದಲ್ಲೇ ಹರಡುವುದರಿಂದ ಆಳಕ್ಕೆ ನೆಡಬೇಡಿ, ಬುಡ ಕೆದಕಬೇಡಿ. ಒಣ ಎಲೆ ಹೊದಿಸಿದರೆ ಸಾಕು. ನೆಟ್ಟ ದಿನವೇ ಹೆಸರು ಬರೆದಿಡಿ. ಚೀಟಿ ಬೀಳುತ್ತದೆ, ಒಂದು ಪುಸ್ತಕದಲ್ಲೂ ಬರೆದಿಡಿ.

ಸಿಡ್ನಿಗೆ ಮಕ್ಕಳ ಮನೆಗೆಂದು ಬರುವ ತಂದೆತಾಯಂದಿರು ಚಳಿಗಾಲದಲ್ಲಿ ಇಲ್ಲೇನಿದೆ ನೋಡಲು ಎಂದು ಬೇಸರಿಸುತ್ತಾರೆ. ಅವರನ್ನು ಕ್ಯಾರಿಂಗ್‌ಬಾದ ವಾಟರ್‌ಹೌಸ್ ರಾಷ್ಟ್ರೀಯ ಕ್ಯಾಮೆಲಿಯಾ ತೋಟಕ್ಕೆ ಕರೆದೊಯ್ಯಿರಿ, 1970ರಲ್ಲಿ ತೆರೆದದ್ದು. ಎರಿಲ್ಡೀನ್ ಕೂಡ ಗೊತ್ತುಮಾಡಿದ ದಿನಗಳಲ್ಲಿ ತೆರೆದಿರುತ್ತದೆ. ಎರಡೂ ಕಡೆ ಗಿಡದ ಬುಡದಲ್ಲಿ ಹೆಸರಿನ ಫಲಕಗಳಿವೆ. ನಿಧಾನವಾಗಿ ಓದುತ್ತ ನಡೆಯಬೇಕು. ಕ್ಯಾಮ್ಡೆನ್ ಪಾರ್ಕಿನ ಆ ಕೆಂಪು ಕ್ಯಾಮೆಲಿಯಾ 2031ಕ್ಕೆ ಇನ್ನೂರು ವರ್ಷ ತುಂಬಿಸುತ್ತದೆ. ಅಷ್ಟರೊಳಗೆ ನಮ್ಮ ಮರದಿಂದ ತೆಗೆದ ಕಡ್ಡಿಗಳೂ ಬೇರು ಬಿಟ್ಟಿರುತ್ತವೆ. ಬೇಕಾದವರು ಬಂದು ಒಯ್ಯಬಹುದು. ಯಾರ ಮನೆಯ ಹೂವೆಂದು ಕರೆಯುತ್ತೀರೋ ಅದು ನಿಮಗೆ ಬಿಟ್ಟದ್ದು.